ಸರ್ಕಲ್ ದಾಟುವವರೆಗೂ ತಿರುಗಿ ನೋಡಬಾರದು

ಸೈಕಲ್ಲಿನ ಕ್ಯಾರಿಯರ್ ಮೇಲೆ ಯಾರಾದರೂ ಕೂತರೆ ಅದು ತುಳಿಯುವವನಿಗೆ ಮೊದಲು ಗೊತ್ತಾಗುವುದು ಕಾಲಿಗಲ್ಲ, ಕೈಗೆ. ಹಿಂದೆ ಭಾರ ಬಿದ್ದ ಕೂಡಲೇ ಹ್ಯಾಂಡಲ್ ಒಂದು ಕ್ಷಣ ಹಗುರಾಗುತ್ತದೆ. ಮುಂದಿನ ಚಕ್ರ ಅತ್ತಿತ್ತ ಹೊರಳಿ ಸರಿಹೋಗುತ್ತದೆ. ಸೀಟಿನ ಸ್ಪ್ರಿಂಗು ಕಿರ್ ಎನ್ನುತ್ತದೆ. ಇಷ್ಟಾದರೆ ಸಾಕು, ಹಿಂದೆ ಮನುಷ್ಯ ಕೂತ ಎಂದು ಕೈ ಹೇಳುತ್ತದೆ. ನಾನು ನನ್ನ ಕೈಯ ಮಾತನ್ನು ನಂಬಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ತುಮಕೂರಿನ ಒಂದು ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಉಪ್ಪಾರಹಳ್ಳಿಯಲ್ಲಿದ್ದ ಸೋದರಮಾವನ ಮನೆ ಸೇರಿಕೊಂಡಿದ್ದೆ. ಮಾವ ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಊರಿನ ಅರ್ಧ ಜನರ ಕಷ್ಟ ಅವನ ಕೈಬರಹದಲ್ಲೇ ಸರ್ಕಾರಕ್ಕೆ ಹೋಗುತ್ತಿತ್ತು. ಆದರೆ ಅವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಕಲಿಯಲು ಒಂದು ಸಲ ಹತ್ತಿದ್ದನಂತೆ, ಸೈಕಲ್ಲು ಅವನನ್ನು ನೇರವಾಗಿ ಬಾವಿಕಟ್ಟೆಗೆ ಕರೆದುಕೊಂಡು ಹೋಗಿತ್ತಂತೆ. ಆಮೇಲೆ ನನಗೂ ಅದಕ್ಕೂ ಜಾತಕ ಕೂಡಲಿಲ್ಲ ಬುಡು ಎಂದು ಕೈತೊಳೆದುಕೊಂಡಿದ್ದ. ಹಾಗಾಗಿ ದಿನಾ ಬೆಳಿಗ್ಗೆ ನನ್ನ ಸೈಕಲ್ಲಿನ ಕ್ಯಾರಿಯರ್ರೇ ಅವನ ಗಾಡಿ.

ಗೇಟು ದಾಟುವಷ್ಟರಲ್ಲಿ ಮಾವ ಕಥೆ ಶುರು ಮಾಡುತ್ತಿದ್ದ. ಅವನ ತಾಯಿ ಹೇಳಿದ್ದು, ಅವಳ ತಾಯಿ ಹೇಳಿದ್ದು, ಕಚೇರಿ ಮುಂದೆ ಯಾರೋ ಮುದುಕ ಬಿಟ್ಟುಹೋದದ್ದು. ನಾನು ತುಳಿಯುತ್ತಲೇ ಹೂಂ ಹೂಂ ಅನ್ನಬೇಕು. ಒಂದು ಹೂಂ ತಪ್ಪಿದರೆ ಬೆನ್ನಿಗೆ ತಿವಿದು, ಸತ್ತ್ಯೇನ್ಲಾ, ಅನ್ನುತ್ತಿದ್ದ. ಇವತ್ತು ನನ್ನ ಬರವಣಿಗೆಯಲ್ಲಿ ಒಂದಿಷ್ಟು ಕನ್ನಡ ಇದ್ದರೆ ಅದು ಹಾಗೆ ಹಿಂದಿನಿಂದ ಬಂದು ಬೆನ್ನಿಗೆ ತಾಗಿದ ಕನ್ನಡ. ಆ ಕಥೆಗಳನ್ನು ಹೇಳುವಾಗಿನ ಅವನ ಮುಖ ನಾನು ನೋಡಿದವನೇ ಅಲ್ಲ.

ಆಗ ಸೈಕಲ್ಲಿನಲ್ಲಿ ಇಬ್ಬರು ಹೋಗುವಂತಿರಲಿಲ್ಲ. ದೊಡ್ಡ ಸರ್ಕಲ್ಲಿನ ನಡುವೆ ಪೊಲೀಸಿನವನು ನಿಂತಿರುತ್ತಿದ್ದ. ಡಬಲ್ ಸವಾರಿ ಕಂಡರೆ ಸೀಟಿ ಊದಿ, ಸೈಕಲ್ಲನ್ನು ಪಕ್ಕಕ್ಕೆ ಹಾಕಿಸಿ, ಎರಡೂ ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದ. ಅದಕ್ಕೆ ಊರಿಗೆ ಊರೇ ಒಂದು ದಾರಿ ಹುಡುಕಿಕೊಂಡಿತ್ತು. ಸರ್ಕಲ್ ಇನ್ನೂ ನೂರು ಹೆಜ್ಜೆ ಇರುವಾಗ ಕಾಫಿಪುಡಿ ಅಂಗಡಿ ಹತ್ತಿರ ಹಿಂದಿನವರು ಇಳಿಯಬೇಕು. ತುಳಿಯುವವನು ಒಬ್ಬನೇ ಸರ್ಕಲ್ ಸುತ್ತಿ ಹೋಗಬೇಕು. ಇಳಿದವರು ತಮಗೂ ಆ ಸೈಕಲ್ಲಿಗೂ ಸಂಬಂಧವೇ ಇಲ್ಲ ಎಂಬಂತೆ ನಡೆದು ಬಂದು, ಆ ಕಡೆ ಬೇವಿನ ಮರ ದಾಟಿದ ಮೇಲೆ ಎರಡು ಹೆಜ್ಜೆ ಓಡಿ, ಚಲಿಸುತ್ತಿರುವ ಸೈಕಲ್ಲಿಗೆ ಹತ್ತಿ ಕೂರಬೇಕು. ಮೇಷ್ಟರುಗಳು ಹೀಗೇ ಮಾಡುತ್ತಿದ್ದರು, ಮಠಕ್ಕೆ ಹೋಗುವ ಭಕ್ತರೂ ಹೀಗೇ. ಕಾಫಿಪುಡಿ ಅಂಗಡಿಯವರೆಗೆ ಗಂಡ ಹೆಂಡತಿಯಾಗಿದ್ದವರು ಸರ್ಕಲ್ಲಿನಲ್ಲಿ ಗುರುತೇ ಇಲ್ಲದವರಾಗಿ, ಬೇವಿನ ಮರದಿಂದಾಚೆ ಮತ್ತೆ ಸಂಸಾರಸ್ಥರಾಗುತ್ತಿದ್ದರು.

ಇದಕ್ಕೆಲ್ಲ ಮಾವನ ನಿಯಮ ಒಂದೇ. ಮೊದಲ ದಿನವೇ ಹೇಳಿಕೊಟ್ಟಿದ್ದ:

"ಸರ್ಕಲ್ ದಾಟೋಗಂಟ ನೀನ್ಯಾರೋ ನಾನ್ಯಾರೋ. ತಿರುಗಿ ನೋಡಬ್ಯಾಡ. ನೋಡಿದ್ರೆ ಅವ್ನಿಗೆ ಗೊತ್ತಾಗೋಯ್ತದೆ."

ಅವನಿಗೆ ಗೊತ್ತಿಲ್ಲದೆ ಏನು. ಒಂದು ಸಲ ಆ ಪೊಲೀಸಿನವನೇ ಮಾವನಿಗೆ, ಏನ್ ಸ್ವಾಮಿ, ನಿಮ್ ಗಾಡಿ ಮುಂದೋಯ್ತಾ ಐತೆ, ಬಿರ್ನೆ ಹೋಗಿ, ಎಂದಿದ್ದನಂತೆ. ಮಾವ ಅದನ್ನು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕ. ನಾವೆಲ್ಲ ನಕ್ಕೆವು. ಆ ಕಟ್ಟಳೆ ಇದ್ದದ್ದು ಪೊಲೀಸಿನವನಿಗಾಗಿ, ಅವನ ಕಣ್ಣು ತಪ್ಪಿಸಿದರೆ ರಸ್ತೆಯನ್ನೇ ಗೆದ್ದ ಹಾಗೆ ಎಂದು ನಾವು ತಿಳಿದಿದ್ದೆವು. ಅದು ನಮ್ಮ ಮೈಮೂಳೆಗಾಗಿ ಇದ್ದದ್ದು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮಾವನಿಗೆ ಇನ್ನೊಂದು ಆಟವಿತ್ತು. ಕಾಫಿಪುಡಿ ಅಂಗಡಿ ಬಂದಾಗ ಕಥೆ ಎಲ್ಲಿದೆಯೋ ಅಲ್ಲಿ, ಮಾತಿನ ನಡುವೆಯೇ, ಕತ್ತರಿಸಿದ ಹಾಗೆ ನಿಲ್ಲಿಸಿ ಇಳಿಯುತ್ತಿದ್ದ. ಬೇವಿನ ಮರದಾಚೆ ಹತ್ತಿ ಕೂತ ಮರುಕ್ಷಣ ಅದೇ ಪದದಿಂದ ಮುಂದುವರಿಸುತ್ತಿದ್ದ. ರಾಜ ಕತ್ತಿ ಎತ್ತಿದ್ದರೆ ಆ ಕತ್ತಿ ಸರ್ಕಲ್ ಸುತ್ತುವಷ್ಟು ಹೊತ್ತೂ ಮೇಲೆಯೇ ಇರಬೇಕು.

ಹದಿನೈದು ದಿನಕ್ಕೊಮ್ಮೆ ರಾಗಿ ಮಿಷನ್ನಿಗೆ ಹೋಗುವ ದಿನ. ಮಿಷನ್ನು ಸರ್ಕಲ್ಲಿನಿಂದ ಮುಂದೆ ಎರಡು ಫರ್ಲಾಂಗು. ಅತ್ತೆ ಹಸನು ಮಾಡಿದ ರಾಗಿಯನ್ನು ಗೋಣಿಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಕೊಡುತ್ತಿದ್ದಳು. ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಚೀಲ ಇದ್ದ ದಿನ ಓಡಿ ಹತ್ತುವುದು ಆಗದ ಮಾತು. ಆ ದಿನ ಮಾತ್ರ ನಾನು ಬೇವಿನ ಮರದ ಹತ್ತಿರ ಒಂದು ಕಾಲೂರಿ ನಿಲ್ಲುತ್ತಿದ್ದೆ. ಮಾವ ಬಂದು ಮೊದಲು ಚೀಲವನ್ನು ಕ್ಯಾರಿಯರ್ ಮೇಲೆ ಇಟ್ಟು, ಉಸಿರು ತಿರುಗಿಸಿಕೊಂಡು, ಅದನ್ನು ಎತ್ತಿ ತಬ್ಬಿ ಕೂತು, ನಡಿ, ಅನ್ನುತ್ತಿದ್ದ.

ಆ ಬೆಳಿಗ್ಗೆ ಮಾವನಿಗೆ ಚೀಲ ಒಯ್ಯಲು ಮನಸ್ಸಿರಲಿಲ್ಲ. ಕಚೇರಿಯಲ್ಲಿ ಜನ ಜಾಸ್ತಿ, ನಾಳೆ ನೋಡೋಣ ಎಂದ. ಅತ್ತೆ ಚೀಲವನ್ನು ಬಾಗಿಲಿಗೇ ತಂದಿಟ್ಟು ಹೇಳಿದಳು:

"ನಾಳೆ ಅಂದ್ರೆ ರಾತ್ರಿ ಮುದ್ದೆಗೇನ್ಮಾಡ್ಲಿ? ನಿಮ್ ಕಥೇನೇ ಎಸರಿಗೆ ಹಾಕಿ ತೊಳಸ್ಲಾ?"

ಮಾವ ನಗುತ್ತಾ ಚೀಲ ಎತ್ತಿಕೊಂಡ. ಆ ಮಾತು ಆಮೇಲೆ ಅತ್ತೆಯನ್ನು ಏನು ಮಾಡಿತು ಎನ್ನುವುದು ನನಗೆ ಒಂಬತ್ತು ವರ್ಷ ಗೊತ್ತಾಗಲಿಲ್ಲ.

ಅಂದಿನ ಕಥೆ ಕುಣಿಗಲ್ಲಿನ ಕೆರೆಯದ್ದು. ಒಬ್ಬ ಮುದುಕಿ ದಿನಾ ಕೆರೆ ಏರಿ ಮೇಲೆ ಬುಟ್ಟಿ ಹೊತ್ತು ಹೋಗುತ್ತಾಳೆ. ಹೊರುವಾಗ ಬುಟ್ಟಿ ಖಾಲಿ. ಏರಿಯ ನಡುವಿಗೆ ಬಂದರೆ ಕತ್ತು ಮುರಿಯುವಷ್ಟು ಭಾರ. ಏರಿ ಮುಗಿದರೆ ಮತ್ತೆ ಹಗುರ. ಎಷ್ಟೋ ವರ್ಷ ಹೀಗೆ ಹೊತ್ತು, ಒಂದು ದಿನ ತಡೆಯಲಾರದೆ ಏರಿಯ ನಡುವೆಯೇ ಬುಟ್ಟಿ ಇಳಿಸುತ್ತಾಳೆ. ಮೇಲಿನ ಬಟ್ಟೆ ಸರಿಸುತ್ತಾಳೆ. "ನೋಡ್ತಾಳೆ, ಒಳಗೆ..." ಎಂದ ಮಾವ. ಕಾಫಿಪುಡಿ ಅಂಗಡಿ ಬಂತು. ಚೀಲ ಎತ್ತಿಕೊಂಡು ಇಳಿದ.

ನನಗೆ ಆಫೀಸಿಗೆ ಹೊತ್ತಾಗಿತ್ತು. ಬೇವಿನ ಮರದ ಹತ್ತಿರ ಕಾಲೂರಲಿಲ್ಲ. ತುಳಿಯುವುದು ಬಿಟ್ಟು ನಿಧಾನಕ್ಕೆ ಉರುಳುತ್ತಿದ್ದೆ, ಅಷ್ಟೇ. ಹಿಂದೆ ಹೆಜ್ಜೆ ಸದ್ದು ಕೇಳಿತು. ಕ್ಯಾರಿಯರ್ ಮೇಲೆ ಭಾರ ಬಿತ್ತು. ಹ್ಯಾಂಡಲ್ ಹಗುರಾಯಿತು. ಸ್ಪ್ರಿಂಗು ಕಿರ್ ಎಂದಿತು. ನಾನು ಜೋರಾಗಿ ತುಳಿದೆ.

ಯಾರೋ "ಲೋ, ಲೋ" ಅಂದರು. ಬಿ.ಎಚ್. ರಸ್ತೆಯಲ್ಲಿ ಆ ಹೊತ್ತಿಗೆ ಯಾರು ಯಾರನ್ನು ಲೋ ಅನ್ನುವುದಿಲ್ಲ? ಆಮೇಲೆ ಲಾರಿಯೊಂದು ಬ್ರೇಕ್ ಹಾಕಿದ ಸದ್ದು, ಅದರ ಹಿಂದೆಯೇ ಪೊಲೀಸಿನವನ ಸೀಟಿ. ಅವನು ನಮ್ಮನ್ನು ನೋಡಿಬಿಟ್ಟ ಅಂದುಕೊಂಡೆ. ತಿರುಗದೆ ಇನ್ನೂ ಜೋರಾಗಿ ತುಳಿದೆ.

"ಒಳಗೆ ಏನಿತ್ತು ಮಾವ?" ಎಂದೆ. ಉತ್ತರವಿಲ್ಲ. ಕಾಡಿಸುತ್ತಿದ್ದಾನೆ ಎಂದುಕೊಂಡು ನಾನೇ ಹೂಂ ಎಂದೆ. ಸ್ವಲ್ಪ ದೂರ ಹೋಗಿ ಮತ್ತೆ ಹೂಂ ಎಂದೆ. ಬುಟ್ಟಿಯಲ್ಲಿ ಹಾವಿತ್ತೋ, ಚಿನ್ನವಿತ್ತೋ, ಮಗುವಿತ್ತೋ ಎಂದು ಒಂದೊಂದಾಗಿ ಕೇಳುತ್ತಾ, ನಗುತ್ತಾ, ಎರಡು ಫರ್ಲಾಂಗು ತುಳಿದೆ. ಮಿಷನ್ನಿನ ಮುಂದೆ ನಿಲ್ಲಿಸಿ, ಇಳಿ ಮಾವ, ಎಂದು ತಿರುಗಿದೆ.

ಕ್ಯಾರಿಯರ್ ಮೇಲೆ ರಾಗಿಚೀಲ ಒಂದೇ ಇತ್ತು.

ವಾಪಸ್ಸು ಹೇಗೆ ತುಳಿದೆನೋ ತಿಳಿಯದು. ಬೇವಿನ ಮರದಿಂದ ಹತ್ತು ಮಾರು ಈಚೆ ಜನ ಸೇರಲು ಶುರುವಾಗಿತ್ತು. ಒಂದು ಕಾಲಿನ ಚಪ್ಪಲಿ ಮಾತ್ರ ದೂರದಲ್ಲಿತ್ತು. ನಾನು ಸೈಕಲ್ಲನ್ನು ಕೈಬಿಟ್ಟು ಓಡಿದೆ. ಸೈಕಲ್ಲು ಬಿತ್ತು, ಚೀಲ ಉರುಳಿ ಬಾಯಿ ಬಿಚ್ಚಿ, ರಾಗಿ ಟಾರಿನ ಮೇಲೆ ಹರಡಿಕೊಂಡು ಮಾವನ ಕಾಲಿನವರೆಗೂ ಬಂತು. ಆಮೇಲೆ ಬಂದವರೆಲ್ಲ ನೋಡಿದ್ದು ಅದನ್ನೇ. ಬಿದ್ದ ಸೈಕಲ್ಲು, ಚೆಲ್ಲಿದ ರಾಗಿ, ಮಲಗಿದ ಮಾವ. ಚೀಲ ಜಗ್ಗಿ ಹಿಂದಿನವನು ಲಾರಿ ಕೆಳಗೆ ಬಿದ್ದಿದ್ದಾನೆ ಎಂದು ಯಾರೋ ಅಂದರು. ಅದನ್ನೇ ಇನ್ನೊಬ್ಬರು ಅಂದರು. ಸ್ವಲ್ಪ ಹೊತ್ತಿಗೆ ಅದನ್ನು ಕಣ್ಣಾರೆ ಕಂಡವರೂ ಸಿಕ್ಕರು.

ಲಾರಿ ಡ್ರೈವರ್ ಒಬ್ಬನೇ ಬೇರೆ ಮಾತು ಹೇಳಿದ. ಲಾರಿಯ ಬಾಗಿಲು ಹಿಡಿದುಕೊಂಡು ನಿಂತಿದ್ದ. "ಸೈಕಲ್ ಮೇಲೆ ಇರ್ಲಿಲ್ಲ ಸ್ವಾಮಿ, ಓಡ್ತಾ ಬರ್ತಿದ್ರು. ಕೈ ಮುಂದ್ಕೆ ಚಾಚ್ಕೊಂಡು ಯಾರನ್ನೋ ಕೂಗ್ತಾ ಓಡ್ತಿದ್ರು." ಅವನ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ನಿಜವೆಂದು ಗೊತ್ತಿದ್ದವನು ಅಲ್ಲಿ ಇನ್ನೊಬ್ಬನಿದ್ದ. ಅವನು ಮಾವನ ತಲೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನ್ನ ಬಾಯಿಂದ ಸುಳ್ಳು ಬಂದದ್ದು ಸಂಜೆ. ಅಷ್ಟು ಹೊತ್ತಿಗೆ ಊರಿನ ಮಾತು ನನಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಅಳುತ್ತಿರಲಿಲ್ಲ. ನನ್ನ ತೋಳು ಹಿಡಿದು ಕೇಳಿದಳು:

"ಚೀಲ ಜಗ್ತೇನೋ?"

ನಾನು ಹೂಂ ಎಂದೆ.

ಅಷ್ಟೇ. ದೊಡ್ಡ ಸುಳ್ಳಿಗೆ ದೊಡ್ಡ ಮಾತು ಬೇಕು ಎಂದುಕೊಂಡಿದ್ದೆ. ಬೇಕಿರಲಿಲ್ಲ.

ಮಕ್ಕಳಿಲ್ಲದ ಅತ್ತೆ ವರ್ಷದೊಳಗೆ ಮನೆ ಬಿಟ್ಟು ಸಿ.ಎಸ್. ಪುರದ ಪಕ್ಕದ ಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಹೋದಳು. ನಾನು ಕೇಳಿ ಗುಬ್ಬಿಗೆ ವರ್ಗ ಮಾಡಿಸಿಕೊಂಡೆ, ಆಮೇಲೆ ಕುಣಿಗಲ್ಲಿಗೆ. ಆ ಸರ್ಕಲ್ಲಿನಿಂದ ದೂರವಾದರೆ ಸಾಕಿತ್ತು. ಆದರೆ ಸೈಕಲ್ಲು ನನ್ನ ಜೊತೆಗೇ ಬಂತಲ್ಲ. ಗುಂಡಿಯಲ್ಲಿ ಚಕ್ರ ಇಳಿದು ಎದ್ದರೆ ಕ್ಯಾರಿಯರ್ ಸದ್ದು ಮಾಡುತ್ತಿತ್ತು, ಹ್ಯಾಂಡಲ್ ಒಂದು ಗಳಿಗೆ ಹಗುರಾಗುತ್ತಿತ್ತು. ನನಗೆ ಗೊತ್ತಿಲ್ಲದೆ ಬಾಯಲ್ಲಿ ಹೂಂ ಬಂದುಬಿಡುತ್ತಿತ್ತು. ಕುಣಿಗಲ್ ಕೆರೆ ಏರಿ ಮೇಲಂತೂ ತುಳಿಯಲಾಗುತ್ತಿರಲಿಲ್ಲ. ನಡುವಿಗೆ ಬಂದರೆ ಪೆಡಲು ಕಲ್ಲಿನ ಹಾಗೆ ಭಾರ. ಎದುರುಗಾಳಿ ಎಂದು ನನಗೆ ನಾನೇ ಹೇಳಿಕೊಂಡು ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಗಾಳಿ ಇಲ್ಲದ ದಿನವೂ.

ಕೊನೆಗೆ ಒಂದು ದಿನ ಸೈಕಲ್ ಶಾಪಿಗೆ ಹೋಗಿ ಕ್ಯಾರಿಯರ್ರನ್ನೇ ಬಿಚ್ಚಿಸಿದೆ. ಆಫೀಸಿನವರಿಗೆ ಅದೊಂದು ತಮಾಷೆ. ಏನ್ರೀ, ನಾಳೆ ಮದುವೆ ಆದ್ರೆ ಹೆಂಡ್ತೀನ ಬೆಲ್ ಮೇಲೆ ಕೂರಿಸ್ತೀರಾ, ಎಂದು ಕೇಳುತ್ತಿದ್ದರು. ಬಿಚ್ಚಿಸಿದ ಮೇಲೂ ಭಾರ ಹೋಗಲಿಲ್ಲ ಎಂದು ಅವರಿಗೆ ಹೇಗೆ ಹೇಳುವುದು.

ಒಂಬತ್ತು ವರ್ಷದ ಮೇಲೆ ಅತ್ತೆಯ ತಮ್ಮನಿಂದ ಕಾಗದ ಬಂತು. ಅವಳಿಗೆ ಕಣ್ಣು ಮಂಜಾಗಿದೆ, ಗುಬ್ಬಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಬಂದು ಕರೆದುಕೊಂಡು ಹೋಗಲಾಗುತ್ತದೆಯೇ ಎಂದು. ನಾನು ಬಸ್ಸಿನಲ್ಲಿ ಸಿ.ಎಸ್. ಪುರಕ್ಕೆ ಹೋಗಿ, ಅಲ್ಲಿ ಒಂದು ಬಾಡಿಗೆ ಸೈಕಲ್ ಹಿಡಿದು, ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಮನೆ ಸೇರಿದೆ.

ಊಟಕ್ಕೆ ಮುದ್ದೆ, ಹುರುಳಿ ಸಾರು. ಎಲ್ಲರ ತಟ್ಟೆಯಲ್ಲೂ ಮುದ್ದೆ ಇತ್ತು, ಅತ್ತೆಯ ತಟ್ಟೆಯಲ್ಲಿ ಮಾತ್ರ ಬೆಳಿಗ್ಗೆಯ ತಣ್ಣನೆಯ ಅನ್ನ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ತಮ್ಮನ ಹೆಂಡತಿ ಬಡಿಸುತ್ತಾ ಅಂದಳು:

"ನಮ್ಮತ್ತಿಗೇದು ಪ್ಯಾಟೆ ಹೊಟ್ಟೆ ಕಣಪ್ಪ. ಬಂದಾಗ್ಲಿಂದ ಒಂದಿನ ಮುದ್ದೆ ಮುಟ್ಟಿಲ್ಲ. ನಮ್ಗೆಲ್ಲ ಹಸನು ಮಾಡಿ ಕೊಡ್ತಾರೆ, ಬೀಸಿ ಕೊಡ್ತಾರೆ, ತಾವು ಮಾತ್ರ ಒಂದ್ ತುತ್ತೂ ಬಾಯಿಗಿಕ್ಕಾಕಿಲ್ಲ. ಮಕ್ಳು ಚೀಲ ಎತ್ಕೊಂಡು ಮಿಷನ್ನಿಗೆ ಹೊಂಟ್ರೆ ಒಳಕ್ಕೋಗಿ ಕದ ಹಾಕ್ಕೊಂಬುಡ್ತಾರೆ."

ಅವಳು ನಗುತ್ತಲೇ ಹೇಳಿದ್ದು. ಅತ್ತೆಯೂ ನಕ್ಕಳು. ನಾನು ಮುರಿದಿದ್ದ ತುತ್ತನ್ನು ತಟ್ಟೆಗೇ ಹಾಕಿದೆ.

ಉಪ್ಪಾರಹಳ್ಳಿಯಲ್ಲಿ ಅತ್ತೆ ಎರಡು ಮುದ್ದೆ ಉಣ್ಣುತ್ತಿದ್ದಳು. ಅನ್ನ ಜ್ವರದವರಿಗೆ ಅನ್ನುತ್ತಿದ್ದಳು. ಆ ಚೀಲ ಕಟ್ಟಿದವಳು ಅವಳು, ಬೇಡ ಎಂದವನ ಕೈಗೆ ಕೊಟ್ಟವಳು ಅವಳು. ನನ್ನ ಒಂದು ಹೂಂ ಆ ಸಾವನ್ನು ತಂದು ಅವಳ ಕೈಯಲ್ಲಿಟ್ಟಿತ್ತು. ನಾನು ಊರು ಬದಲಾಯಿಸುತ್ತಾ, ಕ್ಯಾರಿಯರ್ ಬಿಚ್ಚಿಸುತ್ತಾ, ನನ್ನ ಭಾರ ನಾನೇ ಹೊತ್ತಿದ್ದೇನೆ ಎಂದುಕೊಂಡಿದ್ದೆ.

ಊಟವಾದ ಮೇಲೆ ಅತ್ತೆ ಜಗುಲಿಯಲ್ಲಿ ಮೊರ ಹಿಡಿದು ಕೂತಳು. ರಾಗಿಯನ್ನು ಕಣ್ಣಿನ ಹತ್ತಿರ ತಂದುಕೊಂಡು ಬೆರಳಿನಲ್ಲೇ ಕಲ್ಲು ಹುಡುಕುತ್ತಿದ್ದಳು. ಮನೆಯವರು ಹೊಲಕ್ಕೆ ಹೋಗಿದ್ದರು. ನಾನು ಪಕ್ಕದಲ್ಲಿ ಕೂತೆ.

"ಅತ್ತೆ, ಚೀಲ ಜಗ್ಗಲಿಲ್ಲ," ಎಂದೆ.

ಮೊರ ಅಲ್ಲಾಡುತ್ತಲೇ ಇತ್ತು.

"ಮಾವ ಸೈಕಲ್ ಹತ್ತೇ ಇರ್ಲಿಲ್ಲ. ಚೀಲ ಇಟ್ಟ. ಅವ್ನೇ ಕೂತ ಅಂದ್ಕೊಂಡು ನಾನು ಹೊಂಟೋದೆ. ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ತಿರುಗಿ ನೋಡ್ಲಿಲ್ಲ. ಅವ್ನು ಹಿಂದೆ ಓಡಿ ಬಂದ."

ಈಗ ಮೊರ ನಿಂತಿತು. ಅವಳು ನನ್ನ ಕಡೆ ತಿರುಗಿದಳು. ಮಂಜುಗಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ.

"ಎಷ್ಟು ದೂರ ಹೋದೆ?"

"ಮಿಷನ್ ತಂಕ."

"ಅಲ್ಲೀಗಂಟ ಗೊತ್ತೇ ಆಗ್ಲಿಲ್ವಾ?"

"ಕಥೆ ಹೇಳ್ತಿದ್ದ. ಮುಂದೇನು ಅಂತ ಕೇಳ್ತಾನೇ ಹೋದೆ."

ಅವಳು ಮೊರದಲ್ಲಿದ್ದ ರಾಗಿಯನ್ನು ಅಂಗೈಯಿಂದ ಸಮ ಮಾಡಿದಳು. ಮತ್ತೆ ಗುಡ್ಡೆ ಮಾಡಿದಳು. ಆಮೇಲೆ ಬಲಗೈ ಎತ್ತಿ ನನ್ನ ಮುಂದೆ ಹಿಡಿದಳು.

"ಈ ಕೈ ಕಣೋ. ಚೀಲದ ಬಾಯಿ ಕಟ್ಟಿದ ಕೈ. ಒಂಬತ್ತು ವರ್ಷದಿಂದ ಇದನ್ನ ಬೈಕೊಂಡಿದೀನಿ. ನಾಲ್ಕಾಣೆ ಕಾಗ್ದದಲ್ಲಿ ಬರೆದಾಕಿದ್ರೂ ಆಗ್ತಿತ್ತಲ್ಲೋ."

ಹೆದರಿಕೆಯಾಗಿತ್ತು, ಅಷ್ಟೇ.

ಅವಳು ಕೈ ಇಳಿಸಿ ಅವತ್ತಿನ ಕಥೆ ಯಾವುದು ಎಂದು ಕೇಳಿದಳು. ಮುದುಕಿ, ಬುಟ್ಟಿ, ಕೆರೆ ಏರಿ ಎಲ್ಲ ಹೇಳಿದೆ. ಬಟ್ಟೆ ಸರಿಸಿದಳು, ನೋಡ್ತಾಳೆ, ಒಳಗೆ... ಎಂದು ನಿಲ್ಲಿಸಿದೆ. ಬುಟ್ಟಿಯಲ್ಲಿ ಏನಿತ್ತು, ನಿನಗೇನಾದರೂ ಹೇಳಿದ್ದನೇ ಎಂದು ಕೇಳಿದೆ. ಅದನ್ನು ಕೇಳಬೇಕೆಂದು ಒಂಬತ್ತು ವರ್ಷದಿಂದ ಆಸೆಯಿತ್ತು, ಕೇಳಲು ಧೈರ್ಯವಿರಲಿಲ್ಲ.

"ಅವ್ರಿಗೂ ಗೊತ್ತಿರ್ಲಿಲ್ಲ," ಎಂದಳು ಅತ್ತೆ. "ಅರ್ಧ ಕಥೆ ಅವ್ರೇ ಕಟ್ತಿದ್ದದ್ದು. ಸರ್ಕಲ್ ದಾಟೋವಾಗ ಮುಂದಿಂದು ಯೋಚ್ನೆ ಮಾಡ್ತೀನಿ ಕಣೇ, ಅದ್ಕೇ ಇಳ್ದು ನಡ್ಯೋದು ನಂಗಿಷ್ಟ ಅನ್ನೋರು."

ಹೇಳಿ ಎದ್ದು ಒಳಗೆ ಹೋದಳು. ಇನ್ನು ನನ್ನ ಜೊತೆ ಗುಬ್ಬಿಗೆ ಬರುವುದಿಲ್ಲ ಎಂದುಕೊಂಡೆ. ಬಸ್ಸಿನ ಹೊತ್ತಾಗುತ್ತಿತ್ತು. ಅಂಗಳದಲ್ಲಿ ಬಾಡಿಗೆ ಸೈಕಲ್ಲಿನ ಪಕ್ಕ ನಿಂತಿದ್ದೆ. ಅತ್ತೆ ಸೀರೆ ಬದಲಾಯಿಸಿ, ಕೈಚೀಲ ಹಿಡಿದು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು.

ನೀನು ನಿಧಾನಕ್ಕೆ ನಡಿ, ನಾನು ಸೈಕಲ್ ತಳ್ಳಿಕೊಂಡು ಬರುತ್ತೇನೆ ಎಂದೆ. ನಡೆದರೆ ಬಸ್ಸು ಹೋಗಿರುತ್ತದೆ ಎಂದಳು. ನಾನು ಡಬಲ್ ಹೊಡೆದು ಒಂಬತ್ತು ವರ್ಷವಾಯಿತು ಎಂದೆ. ಅವಳು ಕ್ಯಾರಿಯರ್ ಎಲ್ಲಿದೆ ಎಂದು ಕೈಯಲ್ಲಿ ತಡವಿ ನೋಡಿದಳು. ನಾನು ಎರಡೂ ಕಾಲು ನೆಲಕ್ಕೆ ಊರಿ ಹ್ಯಾಂಡಲ್ ಬಿಗಿಯಾಗಿ ಹಿಡಿದೆ.

ಅವಳು ಕೂತಳು. ಕೈಗೆ ಏನೂ ಗೊತ್ತಾಗಲಿಲ್ಲ. ಒಂಬತ್ತು ವರ್ಷದಲ್ಲಿ ಅತ್ತೆ ಅಷ್ಟು ಸವೆದುಹೋಗಿದ್ದಳು. ಹ್ಯಾಂಡಲ್ ಹಗುರಾಗಲಿಲ್ಲ, ಸ್ಪ್ರಿಂಗು ಸದ್ದು ಮಾಡಲಿಲ್ಲ. ತಿರುಗಿ ನೋಡಿದೆ. ಕೂತಿದ್ದಳು. ಹೊರಟೆ. ಹತ್ತು ಮಾರು ಹೋಗಿ ಮತ್ತೆ ತಿರುಗಿದೆ. ಹುಣಸೆಮರ ದಾಟಿ ಮತ್ತೊಂದು ಸಲ. ಸೈಕಲ್ಲು ಬೇಲಿಯ ಕಡೆ ವಾಲಿತು.

ಹಿಂದಿನಿಂದ ಅವಳ ಕೈ ನನ್ನ ಬೆನ್ನಿಗೆ ಬಂತು, ಮಾವ ತಿವಿಯುತ್ತಿದ್ದ ಜಾಗಕ್ಕೇ.

"ಇಲ್ಲೇ ಇದೀನಿ ಕಣೋ," ಎಂದಳು. "ಮುಂದೆ ನೋಡ್ಕೊಂಡು ತುಳಿ."